ಯಜಮಾನ ಜೈಲಿಗೆ, ಹೆಸರು ಆಕಾಶಕ್ಕೆ

ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಹೆಸರುಗಳನ್ನು ಸಾಲಾಗಿ ಓದುತ್ತಾ ಹೋದರೆ ಹೆಚ್ಚಿನವು ಮನುಷ್ಯರ ಹೆಸರುಗಳೇ: ಫಾರ್ಮನ್, ನ್ಯೂಪೋರ್, ಫೋಕರ್, ಬ್ಲೇರಿಯೋ. ಕಟ್ಟಿದವನ ಮನೆತನವೇ ಯಂತ್ರದ ಗುರುತು. ಅವುಗಳ ನಡುವೆ ‘ಸ್ಪ್ಯಾಡ್’ ಎಂಬುದು ಯಾವ ಮನೆತನದ ಹೆಸರೂ ಅಲ್ಲ. ಅದು ಫ್ರೆಂಚ್ ಕಂಪನಿಯೊಂದರ ಮೊದಲಕ್ಷರಗಳ ಜೋಡಣೆ. ಆ ಅಕ್ಷರಗಳ ಪೂರ್ಣರೂಪವೇನು ಎಂದು ಯಾರಾದರೂ ಕೇಳಿದರೆ, ಯಾವ ವರ್ಷದ್ದು ಬೇಕು ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಪೂರ್ಣರೂಪ ಎರಡು ಸಲ ಬದಲಾಯಿತು, ನಾಲ್ಕು ಅಕ್ಷರ ಕದಲಲಿಲ್ಲ. ಇದನ್ನು ಕಚೇರಿ ಕಾಗದಪತ್ರದ ತಮಾಷೆ ಎಂದು ಬದಿಗೆ ಸರಿಸುವುದು ಸುಲಭ. ನನಗೆ ಕಾಣುವಂತೆ ಅದು ವ್ಯಾಪಾರದ ಲೆಕ್ಕಾಚಾರ: ಮಾಲೀಕನ ಕಳಂಕವನ್ನು ಕಳಚಿಹಾಕಿ, ಅವನ ಕಾರ್ಖಾನೆ ಗಳಿಸಿದ್ದ ಕೀರ್ತಿಯನ್ನು ಮಾತ್ರ ಉಳಿಸಿಕೊಳ್ಳುವ ಉಪಾಯ.

ಆ ಮಾಲೀಕ ಆರ್ಮಾಂ ದೆಪರ್ದುಸಾಂ, ಮೂಲತಃ ರೇಷ್ಮೆ ದಲ್ಲಾಳಿ. ವಿಮಾನ ಕಟ್ಟುವ ಕೈ ಅವನದಲ್ಲ, ಅವನ ಎಂಜಿನಿಯರ್ ಲೂಯಿ ಬೆಶೆರೋನದು. ಮರದ ಚೌಕಟ್ಟಿಗೆ ಬಟ್ಟೆ ಎಳೆದು ಕಟ್ಟುವುದೇ ರೂಢಿಯಾಗಿದ್ದಾಗ ಬೆಶೆರೋ ಅಚ್ಚಿನ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಅಡ್ಡಡ್ಡ ಪದರಗಳಾಗಿ ಅಂಟಿಸಿ, ಮೇಲೆ ಬಟ್ಟೆ ಹೊದಿಸಿ, ಒಳಗೆ ಟೊಳ್ಳಾದ ನುಣುಪು ಒಡಲನ್ನು ತೆಗೆದ. ಭಾರ ಹೊರುವುದು ಆ ಚಿಪ್ಪೇ. ಒಳಗೆ ತೊಲೆ, ತಂತಿಗಳ ಕಾಡು ಬೇಕಿಲ್ಲ. 1912ರಲ್ಲಿ ಶಿಕಾಗೋದಲ್ಲಿ ನಡೆದ ಗಾರ್ಡನ್ ಬೆನೆಟ್ ವಾಯುಯಾನ ವೇಗದ ಪಂದ್ಯವನ್ನು ಈ ವಿಮಾನ ಗೆದ್ದಿತು. 1913ರ ಆಗಸ್ಟ್‌ನಲ್ಲಿ ದೆಪರ್ದುಸಾಂನನ್ನು ವಂಚನೆಯ ಆರೋಪದ ಮೇಲೆ ಬಂಧಿಸಿದರು. ಮರುತಿಂಗಳು ರ್‍ಯಾಂಸ್‌ನಲ್ಲಿ ಪೈಲಟ್ ಮೋರಿಸ್ ಪ್ರೆವೋ ಅದೇ ಕಾರ್ಖಾನೆಯ ವಿಮಾನವನ್ನು ಗಂಟೆಗೆ 200 ಕಿಲೋಮೀಟರ್ ದಾಟಿಸಿ ಮತ್ತೆ ಪಂದ್ಯ ಗೆದ್ದ. ಜಗತ್ತಿನ ಅತಿ ವೇಗದ ವಿಮಾನದ ಮೇಲೆ ಬರೆದಿದ್ದದ್ದು ಒಬ್ಬ ಆರೋಪಿಯ ಹೆಸರು.

ಮೊದಲ ಪೂರ್ಣರೂಪಕ್ಕೆ ‘ದೆಪರ್ದುಸಾಂ ವಿಮಾನಗಳ ತಯಾರಿಕಾ ಸಂಸ್ಥೆ’ ಎಂದರ್ಥ. ಅಲ್ಲಿ ‘ಪಿ’ ಎಂದರೆ ತಯಾರಿಕೆ. ಹಗರಣದ ನಂತರ ಅದೇ ‘ಪಿ’ ‘ತಾತ್ಕಾಲಿಕ’ ಎಂಬುದಕ್ಕೆ ನಿಂತಿತು. ಆಮೇಲೆ ಲೂಯಿ ಬ್ಲೇರಿಯೋನ ಮುಂದಾಳತ್ವದ ಗುಂಪು ಕಂಪನಿಯನ್ನು ಕೊಂಡಾಗ ಅದು ‘ವಾಯುಯಾನ ಮತ್ತು ಅದರಿಂದ ಹುಟ್ಟಿದವುಗಳ ಸಲುವಾಗಿ ಇರುವ ಸಂಸ್ಥೆ’ಯಾಯಿತು. ವಾಯುಯಾನದಿಂದ ಹುಟ್ಟಿದವು ಎಂದರೆ ಯಾವುವು? ಯಾವುವೂ ಅಲ್ಲ. ‘ಡಿ’ ತುಂಬಲು ಒಂದು ಪದ ಬೇಕಿತ್ತು, ‘ದೆರಿವೆ’ ಸಿಕ್ಕಿತು. ಅಕ್ಷರ ಮೊದಲು, ಅರ್ಥ ಆಮೇಲೆ ಎಂಬುದಕ್ಕೆ ಈ ಪದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟಕ್ಕೆಲ್ಲ ಲೆಕ್ಕಾಚಾರ ಎನ್ನಬೇಕೆ, ಫಲಕ, ನಕ್ಷೆ, ಕಾಗದಗಳನ್ನು ಹೊಸದಾಗಿ ಮಾಡಿಸುವ ಖರ್ಚು ಉಳಿಸಿದ್ದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಕೊಂಡವನು ಯಾರು ಎಂಬುದನ್ನು ಮರೆಯಬಾರದು. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ದಾಟಿದ ಬ್ಲೇರಿಯೋನಿಗಿಂತ ದೊಡ್ಡ ಹೆಸರು ಆ ಕಾಲದ ಫ್ರೆಂಚ್ ವಾಯುಯಾನದಲ್ಲಿ ಇರಲಿಲ್ಲ. ತನ್ನ ಹೆಸರನ್ನೇ ಅಂಟಿಸಿಬಿಡಬಹುದಿತ್ತು. ಹಾಗೆ ಮಾಡದೆ, ಪಂದ್ಯಗಳಲ್ಲಿ ತನ್ನ ಎದುರಾಳಿಯಾಗಿದ್ದವನ ಅಕ್ಷರಗಳನ್ನು ಇಟ್ಟುಕೊಂಡ, ಬೆಶೆರೋನನ್ನೂ ಇಟ್ಟುಕೊಂಡ. ಎರಡನ್ನೂ ಒಟ್ಟಿಗೆ ನೋಡಿದರೆ ಅದು ಬರೀ ಮಿತವ್ಯಯವಾಗಿ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಹೆಸರನ್ನು ಉಳಿಸಿದ್ದು ಒಳ್ಳೆಯ ವಿಮಾನ, ಅಕ್ಷರದಲ್ಲೇನಿದೆ? ನಮ್ಮ ರೈಲ್ವೆಯಲ್ಲೂ ‘ಸ್ಪ್ಯಾಡ್’ ಇದೆ; ಅಪಾಯದ ಸಿಗ್ನಲ್ ದಾಟಿ ಹೋಗುವುದಕ್ಕೆ ಆ ಮಾತು. ಅಕ್ಷರಕ್ಕೆ ತನ್ನದೇ ಮಹಿಮೆ ಇಲ್ಲವೆಂಬುದು ಅಷ್ಟರಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಹೊಸ ಕಂಪನಿಯ ಮೊದಲ ಯುದ್ಧವಿಮಾನ, 1915ರ ಎ.2, ಒಳ್ಳೆಯದೇನೂ ಆಗಿರಲಿಲ್ಲ. ತಿರುಗುವ ಪ್ರೊಪೆಲ್ಲರ್‌ನ ಮುಂದೆ ಒಂದು ಪೆಟ್ಟಿಗೆ ಕಟ್ಟಿ ಬಂದೂಕುಗಾರನನ್ನು ಅದರಲ್ಲಿ ಕೂರಿಸಿದ್ದರು. ಹಿಂದೆ ಕೂತ ಪೈಲಟ್‌ಗೂ ಅವನಿಗೂ ಮಾತಿಲ್ಲ. ಇಳಿಯುವಾಗ ವಿಮಾನ ಮೂಗು ಊರಿದರೆ ಮೊದಲು ಜಜ್ಜಿಹೋಗುವವನು ಅವನೇ. ಅಂಥ ವಿಮಾನ ಕೊಟ್ಟ ಮೇಲೂ ಹೆಸರು ಬಿದ್ದುಹೋಗಲಿಲ್ಲ. 1916ರಲ್ಲಿ ಹಿಸ್ಪಾನೊ-ಸೂಯಿಝಾ ಎಂಜಿನ್ನಿನ ಎಸ್.7 ಬಂತು, ಮರುವರ್ಷ ಎಸ್.13. ಫ್ರೆಂಚ್ ಯುದ್ಧ ಪೈಲಟ್ ಗಿನ್ಮೇರ್ ಹಾರಿಸಿದ್ದು ಇವನ್ನೇ, ಅಮೆರಿಕದ ಯುದ್ಧ ಪೈಲಟ್ ರಿಕನ್‌ಬ್ಯಾಕರ್‌ಗೆ ಹೆಸರು ತಂದದ್ದೂ ಎಸ್.13. ಅದೊಂದೇ 8,000ಕ್ಕೂ ಹೆಚ್ಚು ತಯಾರಾಯಿತು. ಅವುಗಳಲ್ಲಿ ಬಹುಪಾಲು ಸ್ಪ್ಯಾಡ್ ಕಾರ್ಖಾನೆಯಲ್ಲಿ ಹುಟ್ಟಿದವಲ್ಲ. ಕಾರಿನ ಬಾಡಿ ಕಟ್ಟುತ್ತಿದ್ದ ಕೆಲ್ನರ್‌ನಂಥ ಕಂಪನಿಗಳೂ ಪರವಾನಗಿ ಪಡೆದು ಕಟ್ಟಿದವು. ಯಾರು ಕಟ್ಟಿದರೂ ಪೈಲಟ್‌ಗಳ ಬಾಯಲ್ಲಿ ಅದು ಸ್ಪ್ಯಾಡೇ. ತಯಾರಕನ ಹೆಸರಾಗಿದ್ದದ್ದು ವಿಮಾನದ ಜಾತಿಯ ಹೆಸರಾದದ್ದು ಹೀಗೆ.

ಅಕ್ಷರ ಉಳಿದು ಪೂರ್ಣರೂಪ ಬದಲಾಗುವುದು ಬೆಂಗಳೂರಿಗರಿಗೆ ಹೊಸತಲ್ಲ. 1940ರಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ್ದು ಎಚ್‌ಎಎಲ್, ಅಂದರೆ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1964ರಲ್ಲಿ ಏರೋನಾಟಿಕ್ಸ್ ಇಂಡಿಯಾ ಜೊತೆ ವಿಲೀನವಾಗಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ನಡುವಿನ ‘ಎ’ ಬೇರೆ ಪದಕ್ಕೆ ನಿಂತದ್ದು ಎಚ್‌ಎಎಲ್ ಎರಡನೇ ಹಂತ ಬಡಾವಣೆಯ ವಿಳಾಸ ಬರೆಯುವವರ ಗಮನಕ್ಕೂ ಬರುವುದಿಲ್ಲ. ಆದರೂ ಒಂದು ವ್ಯತ್ಯಾಸವಿದೆ: ನಾವು ಎಚ್, ಎ, ಎಲ್ ಎಂದು ಬಿಡಿಬಿಡಿಯಾಗಿ ಹೇಳುತ್ತೇವೆ, ಸ್ಪ್ಯಾಡ್ ಒಂದೇ ಉಸಿರಿನ ಶಬ್ದ. ಬಾಯಿಂದ ಬಾಯಿಗೆ ಹೋಗಲು ಅದಕ್ಕೆ ಕಂಪನಿಯ ಹಂಗು ಬೇಕಾಗಲಿಲ್ಲ.

ಸ್ಪ್ಯಾಡ್ ಕಂಪನಿ 1921ರಲ್ಲಿ ಬ್ಲೇರಿಯೋ ಸಂಸ್ಥೆಯಲ್ಲಿ ಸೇರಿಹೋಯಿತು. ಆಗಲೂ ವಿಮಾನಗಳಿಗೆ ಇಟ್ಟದ್ದು ಬ್ಲೇರಿಯೋ-ಸ್ಪ್ಯಾಡ್ ಎಂಬ ಜೋಡಿ ಹೆಸರು. ದಶಕಗಳ ನಂತರ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಡಗ್ಲಸ್ ಕಂಪನಿಯ ಸ್ಕೈರೇಡರ್ ವಿಮಾನ ಹಾರುತ್ತಿತ್ತು. ಜೆಟ್‌ಗಳ ನಡುವೆ ಪ್ರೊಪೆಲ್ಲರ್ ತಿರುಗಿಸಿಕೊಂಡು ನಿಧಾನಕ್ಕೆ ಹೋಗುತ್ತಿದ್ದ ಅದನ್ನು ಪೈಲಟ್‌ಗಳು ಕರೆದದ್ದು ‘ಸ್ಪ್ಯಾಡ್’ ಎಂದು. ನೌಕಾಪಡೆಯಲ್ಲಿ ಅದರ ಸಂಕೇತ ‘ಎಡಿ’ ಎಂದಿದ್ದದ್ದೂ ಅಡ್ಡಹೆಸರಿಗೆ ಅನುಕೂಲವಾಯಿತು. 1962ರಲ್ಲಿ ಸರ್ಕಾರ ಆ ಸಂಕೇತವನ್ನು ‘ಎ-1’ ಎಂದು ಬದಲಿಸಿತು. ಪೈಲಟ್‌ಗಳು ಸ್ಪ್ಯಾಡ್ ಎನ್ನುವುದನ್ನು ಬಿಡಲಿಲ್ಲ.