ನೆಲದಾಳದ ಪ್ರತಿಧ್ವನಿ

ನೆಲವನ್ನು ಅಗೆಯದೆಯೇ ಅದರ ಗರ್ಭದಲ್ಲಿರುವುದನ್ನು ಅರಿಯಬೇಕೆಂಬ ಮನುಷ್ಯನ ಹಂಬಲಕ್ಕೆ ರೇಡಿಯೋ ತರಂಗಗಳು ಒದಗಿ ಬಂದುದು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ. 1910ರಲ್ಲಿ ಜರ್ಮನಿಯಲ್ಲಿ ಲೈಂಬಾಖ್ ಮತ್ತು ಲ್ಯೋವಿ ಎಂಬಿಬ್ಬರು ಪಡೆದ ಪೇಟೆಂಟಿನಲ್ಲಿ, ನೆಲದಲ್ಲಿ ಕೊರೆದ ರಂಧ್ರಗಳೊಳಗೆ ಆಂಟೆನಾಗಳನ್ನು ಇಳಿಬಿಟ್ಟು, ಒಂದರಿಂದ ಹೊರಟ ತರಂಗವು ಮತ್ತೊಂದನ್ನು ಎಷ್ಟು ಬಲದಿಂದ ಮುಟ್ಟಿತೆಂಬುದನ್ನು ಅಳೆದು, ನಡುವಣ ಅದಿರನ್ನು ಊಹಿಸುವ ಉಪಾಯವಿತ್ತು. 1929ರಲ್ಲಿ ಸ್ಟರ್ನ್ ಎಂಬಾತನು ಆಸ್ಟ್ರಿಯದ ಹಿಮನದಿಯೊಂದರ ದಪ್ಪವನ್ನು ರೇಡಿಯೋ ತರಂಗಗಳಿಂದಲೇ ಅಳೆದನು.

ತಣ್ಣನೆಯ ಹಿಮವು ತರಂಗಕ್ಕೆ ಸುಲಭವಾಗಿ ದಾರಿ ಬಿಡುತ್ತದೆ. ಒದ್ದೆಯಾದ ಜೇಡಿಮಣ್ಣಾದರೋ ಅದನ್ನು ಕೆಲವೇ ಅಡಿಗಳಲ್ಲಿ ಹೀರಿಬಿಡುತ್ತದೆ. ಆದಕಾರಣ ಮಣ್ಣಿನ ಮೇಲೆ ಕೆಲಸಮಾಡುವವರಿಗೆ ಆಂಟೆನಾದಿಂದ ಹೊರಡುವ ಶಕ್ತಿಯ ಪ್ರತಿಯೊಂದು ಅಂಶವೂ ಅಮೂಲ್ಯ. ಆದರೆ ಶಕ್ತಿಯೊಂದೇ ಸಾಲದು; ನೆಲಕ್ಕೆ ಕಳುಹಿಸಿದ ಕ್ಷಣಿಕ ಸ್ಪಂದದ ಪ್ರತಿಧ್ವನಿ ಮರಳುವ ಮೊದಲೇ ಆಂಟೆನಾ ಮೌನವಾಗಿರಬೇಕು. ಒಣ ಮರಳಿನಲ್ಲಿ ಒಂದು ಮೀಟರ್ ಆಳಕ್ಕಿಳಿದು ಮರಳಿ ಬರಲು ತರಂಗಕ್ಕೆ ಬೇಕಾಗುವುದು ಸುಮಾರು 13 ನ್ಯಾನೊಸೆಕೆಂಡು ಮಾತ್ರ. ಸಾಮಾನ್ಯ ಆಂಟೆನಾದ ಲೋಹದಲ್ಲಿಯೋ, ಒಳಹೊಕ್ಕ ಸ್ಪಂದವು ತುದಿಯನ್ನು ತಾಗಿ ಹಿಂದಿರುಗಿ, ಬಾರಿಸಿದ ಗಂಟೆಯ ನಾದದಂತೆ ಮತ್ತೆ ಮತ್ತೆ ಅನುರಣಿಸುತ್ತಿರಲು, ಮೇಲ್ಮಟ್ಟದಲ್ಲೇ ಹುಗಿದಿರುವ ಕೊಳವೆಯ ಕ್ಷೀಣ ಪ್ರತಿಧ್ವನಿಯು ಆ ಗದ್ದಲದಲ್ಲಿ ಕೇಳಿಸದೆ ಹೋಗುತ್ತದೆ.

ಈ ಕಂಟಕಕ್ಕೆ ಶಾಸ್ತ್ರೀಯವಾದ ಪರಿಹಾರವೊಂದನ್ನು 1965ರಲ್ಲಿ ಹಾರ್ವರ್ಡಿನ ವೂ ಮತ್ತು ಕಿಂಗ್ ಎಂಬ ವಿದ್ವಾಂಸರು ಒದಗಿಸಿದರು. ಆಂಟೆನಾದ ನಡುವಿನಿಂದ ತುದಿಯ ಕಡೆಗೆ ಸಾಗಿದಂತೆಲ್ಲ ರೋಧವನ್ನು ಕ್ರಮವಾಗಿ ಹೆಚ್ಚಿಸಿದರೆ, ವಿದ್ಯುತ್ ಪ್ರವಾಹವು ತುದಿಯನ್ನು ಮುಟ್ಟುವಷ್ಟರಲ್ಲಿ ತಾನೇ ನಂದಿ, ಹಿಂದಿರುಗುವುದಕ್ಕೆ ಏನೂ ಉಳಿಯದೆಂದು ಅವರು ತೋರಿಸಿಕೊಟ್ಟರು. ನಾದವಡಗಿತು, ಆದರೆ ಅದರ ಬೆಲೆಯಾಗಿ ಶಕ್ತಿಯ ಗಣನೀಯ ಭಾಗವು ನೆಲಕ್ಕಿಳಿಯದೆ ಆಂಟೆನಾದಲ್ಲಿಯೇ ಶಾಖವಾಗಿ ವ್ಯಯವಾಯಿತು.

ಅಲ್ಲಿಂದೀಚಿನ ಆಂಟೆನಾ ವಿನ್ಯಾಸದ ಚರಿತ್ರೆಯ ಬಹುಭಾಗವು ಈ ಬೆಲೆಯನ್ನು ತಗ್ಗಿಸುವ ಪ್ರಯತ್ನಗಳದು. ಲೋಹದ ತಂತಿಯ ಬದಲು ಎರಡು ತ್ರಿಕೋಣಗಳನ್ನು ಮೊನೆಗೆ ಮೊನೆ ಕೂಡಿಸಿದ ಬೋ-ಟೈ ಆಕಾರವನ್ನು ಬಳಸಿದರು. ರೋಧಕಗಳ ಜೊತೆಗೆ ಕೆಪಾಸಿಟರುಗಳನ್ನು ಸೇರಿಸಿ ನಷ್ಟವನ್ನು ಕಡಮೆಮಾಡಿದರು. ಗಾಳಿಗಿಂತ ಮಣ್ಣಿನ ಕಡೆಗೇ ತರಂಗವು ಹೆಚ್ಚಾಗಿ ಹರಿಯುವುದನ್ನು ಕಂಡುಕೊಂಡು, ಆಂಟೆನಾವನ್ನು ನೆಲಕ್ಕೆ ತಾಗಿಸಿಯೇ ಎಳೆಯುವ ಪದ್ಧತಿಯನ್ನು ರೂಢಿಸಿದರು. ಮಣ್ಣಿನ ತೇವ ಬದಲಾದೊಡನೆ ಆಂಟೆನಾದ ನಡತೆಯೂ ಬದಲಾಗುವುದರಿಂದ, ಒಂದು ನೆಲಕ್ಕೆ ಹೊಂದಿದ ಉಪಕರಣ ಮತ್ತೊಂದಕ್ಕೆ ಹೊಂದಬೇಕೆಂಬ ನಿಯಮವಿಲ್ಲ.

2021ರಲ್ಲಿ ಮಂಗಳ ಗ್ರಹಕ್ಕಿಳಿದ ಪರ್ಸಿವಿಯರೆನ್ಸ್ ಬಂಡಿಯಲ್ಲೂ ನೆಲದಾಳವನ್ನು ಅರಿಯುವ ಇಂಥದೇ ಆಂಟೆನಾ ಇದೆ; ಆದರೆ ಕಲ್ಲುನೆಲದ ಮೇಲೆ ಅದನ್ನು ಎಳೆದೊಯ್ಯಲಾರದೆ, ನೆಲಕ್ಕೆ ತಾಗಿಸದಿರುವುದರ ನಷ್ಟವನ್ನು ಸಹಿಸಿ, ಬಂಡಿಯು ಅದನ್ನು ನೆಲದಿಂದ ಮೇಲೆಯೇ ಹೊತ್ತು ಸಾಗುತ್ತದೆ. ನಷ್ಟವೇ ಇಲ್ಲದ ಆಂಟೆನಾ ಎಂಬುದು ಈ ವಿದ್ಯೆಯಲ್ಲಿಲ್ಲ. ಯಾವ ನೆಲದಲ್ಲಿ ಯಾವ ನಷ್ಟವನ್ನು ಸಹಿಸಬೇಕೆಂಬುದನ್ನು ಬಲ್ಲವನೇ ಇಲ್ಲಿ ನಿಪುಣ.