ಅರ್ಬುದದ ಎಣಿಕೆಯೂ ತಾಲ್ಲೂಕಿನ ಎಲ್ಲೆಯೂ

ಅರ್ಬುದವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಸಂಖ್ಯಾಸ್ಥಾನಗಳಲ್ಲಿ ಬಹು ಮೇಲಿನದೊಂದಕ್ಕೆ ಅರ್ಬುದವೆಂದು ಹೆಸರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚೀ, ಗಲಗಂಡಗಳ ಜೊತೆಗೆ ಹೇಳಿರುವ, ಮಾಂಸವನ್ನಾಶ್ರಯಿಸಿ ಮೆಲ್ಲಮೆಲ್ಲನೆ ಬೆಳೆಯುವ ಗಡ್ಡೆಗೂ ಅದೇ ಹೆಸರು. ಈಗ ಕ್ಯಾನ್ಸರ್ ಎಂದು ವ್ಯವಹಾರದಲ್ಲಿರುವ ರೋಗಕ್ಕೆ ಕನ್ನಡದ ಬರಹಗಾರರು ಈ ಎರಡನೆಯ ಅರ್ಥವನ್ನು ಬಳಸಿಕೊಂಡಿದ್ದಾರೆ. ಒಂದೇ ಶಬ್ದದಲ್ಲಿ ರೋಗವೂ ಎಣಿಕೆಯೂ ಕೂಡಿಕೊಂಡಿರುವುದು ಕೇವಲ ಆಕಸ್ಮಿಕವಾಗಿರಬಹುದು. ಆದರೆ ಆ ಎರಡರ ಸಂಬಂಧವೇ ಪ್ರಕೃತ ಲೇಖನದ ವಿಷಯವಾದುದರಿಂದ ಇಲ್ಲಿಂದ ಹೊರಡುವುದು ಉಚಿತವೆಂದು ತೋರಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳೊಳಗೆ ಅರ್ಬುದವು ಎಲ್ಲಿ ಹೆಚ್ಚು, ಎಲ್ಲಿ ಕಡಮೆ? ಆ ಸೀಮೆಯವರು ಈ ಪ್ರಶ್ನೆಯನ್ನು ಕೇಳುವುದುಂಟು. ಉತ್ತರವನ್ನೂ ತಾವೇ ಹೇಳಿಕೊಳ್ಳುವುದುಂಟು. ಒಬ್ಬರು ಕೊಳವೆಬಾವಿಯ ನೀರನ್ನು ಹೊಣೆಮಾಡಿದರೆ, ಇನ್ನೊಬ್ಬರು ದ್ರಾಕ್ಷಿಯ ತೋಟಕ್ಕೆ ಹೊಡೆಯುವ ಔಷಧವನ್ನು, ಮತ್ತೊಬ್ಬರು ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಸಂಸ್ಕರಿಸಿ ತಂದು ಕೆರೆಗಳಿಗೆ ತುಂಬುವ ನೀರನ್ನು ಹೊಣೆಮಾಡುತ್ತಾರೆ. ಇವುಗಳಲ್ಲಿ ಯಾವುದೂ ಹಗುರವಾಗಿ ತಳ್ಳಿಹಾಕತಕ್ಕ ಮಾತಲ್ಲ. ಆದರೆ ಈ ಸೀಮೆಯಲ್ಲಿ ಜನರನ್ನೂ ರೋಗವನ್ನೂ ಎಣಿಸಿದ ಬಗೆಯ ಚರಿತ್ರೆಯನ್ನು ಪರಿಶೀಲಿಸಿದರೆ, ಕಾರಣವನ್ನು ಹುಡುಕುವುದಕ್ಕೆ ಮುಂಚೆ ಇನ್ನೊಂದು ಪ್ರಶ್ನೆಯನ್ನು ಬಿಡಿಸಬೇಕಾಗುತ್ತದೆ: ತಾಲ್ಲೂಕು ತಾಲ್ಲೂಕಿಗೆ ಕಾಣುವ ವ್ಯತ್ಯಾಸದಲ್ಲಿ ರೋಗದ ಪಾಲೆಷ್ಟು, ಎಣಿಸಿದವರ ಪಾಲೆಷ್ಟು?

ಈ ಪ್ರಶ್ನೆಯು ಶಾಸನಗಳ ವ್ಯಾಸಂಗಮಾಡುವವರಿಗೆ ಹೊಸದಲ್ಲ. ರೈಸ್ ಸಾಹೇಬರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು. ಅದರಲ್ಲಿ ಶಾಸನಗಳು ತಾಲ್ಲೂಕುವಾರಾಗಿ ಅಂಕಿತವಾಗಿವೆ. ಒಂದು ತಾಲ್ಲೂಕಿಗೆ ಹೆಚ್ಚು ಸಂಖ್ಯೆ, ಮತ್ತೊಂದಕ್ಕೆ ಕಡಮೆ ಸಂಖ್ಯೆ ಬಂದಿದ್ದರೆ, ಮೊದಲನೆಯದರಲ್ಲಿ ವೀರರು ಹೆಚ್ಚು, ದಾನಿಗಳು ಹೆಚ್ಚು ಎಂದು ಯಾವ ವಿದ್ವಾಂಸರೂ ತೀರ್ಮಾನಿಸುವುದಿಲ್ಲ. ಕಲ್ಲು ಎಲ್ಲಿ ಉಳಿಯಿತು, ಯಾವ ಊರಿನ ದಾರಿಯನ್ನು ಶೋಧಕರು ಹಿಡಿದರು, ಯಾವ ಕಲ್ಲು ಕೆರೆಯ ತೂಬಿಗೂ ಮನೆಯ ಮೆಟ್ಟಿಲಿಗೂ ಹೋಯಿತು, ಇವೆಲ್ಲವೂ ಆ ಸಂಖ್ಯೆಯಲ್ಲಿ ಸೇರಿರುತ್ತವೆ. ಶಾಸನದ ವಿಷಯದಲ್ಲಿ ನಾವು ತೋರುವ ಈ ಎಚ್ಚರವು ರೋಗದ ಪಟ್ಟಿಯನ್ನು ಓದುವಾಗ ಏಕೋ ನಮ್ಮನ್ನು ಬಿಟ್ಟುಹೋಗುತ್ತದೆ.

ಪ್ರಮಾಣವೆಂಬುದು ಭಾಗಾಕಾರದಿಂದ ಬರತಕ್ಕದ್ದು. ಮೇಲೆ ರೋಗಿಗಳ ಸಂಖ್ಯೆ, ಕೆಳಗೆ ಜನಸಂಖ್ಯೆ. ಕೆಳಗಿನ ಸಂಖ್ಯೆಯೇ ಈ ಸೀಮೆಯಲ್ಲಿ ಸ್ಥಿರವಾಗಿ ನಿಂತದ್ದಲ್ಲ. ಮೈಸೂರು ದೇಶದ ೧೮೭೧ರ ಖಾನೇಷುಮಾರಿಯಲ್ಲಿ ೫೦,೫೫,೪೧೨ ಜನರಿದ್ದರು. ನಡುವೆ ೧೮೭೬–೭೮ರ ಮಹಾಕ್ಷಾಮವು ಬಂದು ಹೋದ ಮೇಲೆ, ೧೮೮೧ರಲ್ಲಿ ಉಳಿದವರು ೪೧,೮೬,೧೮೮. ಜಿಲ್ಲೆಯ ಎಲ್ಲೆಯೂ ಬದಲಾಗಿದೆ. ಬಹುಕಾಲ ಕೋಲಾರ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲ್ಲೂಕುಗಳೂ ಬಾಗೇಪಲ್ಲಿ, ಗುಡಿಬಂಡೆಗಳೂ ೨೦೦೭ರಲ್ಲಿ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದುವು. ೨೦೧೧ರ ಖಾನೇಷುಮಾರಿಯಲ್ಲಿ ಈ ಹೊಸ ಜಿಲ್ಲೆಯ ಜನಸಂಖ್ಯೆ ೧೨,೫೫,೧೦೪. ಆಮೇಲೆ ಗೌರಿಬಿದನೂರಿನಿಂದ ಮಂಚೇನಹಳ್ಳಿಯೂ ಬಾಗೇಪಲ್ಲಿಯಿಂದ ಚೇಳೂರೂ ಪ್ರತ್ಯೇಕ ತಾಲ್ಲೂಕುಗಳಾದುವು. ಆದುದರಿಂದ ೨೦೦೭ಕ್ಕೆ ಹಿಂದಿನ ಯಾವುದೇ ಜಿಲ್ಲಾವಾರು ಅಂಕಿಯನ್ನು ಹಿಡಿದು ‘ಚಿಕ್ಕಬಳ್ಳಾಪುರದಲ್ಲಿ ಹಿಂದೆ ಇಷ್ಟಿತ್ತು’ ಎಂದು ಹೇಳುವವರು ಕೋಲಾರ, ಮುಳಬಾಗಿಲು, ಮಾಲೂರುಗಳ ರೋಗಿಗಳನ್ನೂ ಸೇರಿಸಿಯೇ ಹೇಳುತ್ತಿರುತ್ತಾರೆ.

ಇನ್ನು ಮೇಲಿನ ಸಂಖ್ಯೆ. ಹಿಂದೆ ಹಳ್ಳಿಯಲ್ಲಿ ಮರಣವನ್ನು ಬರೆದುಕೊಳ್ಳುತ್ತಿದ್ದವರು ಪಟೇಲ ಶಾನುಭೋಗರು, ವೈದ್ಯರಲ್ಲ. ಆ ಕಾಲದ ಪಟ್ಟಿಗಳಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ, ಅತಿಸಾರ ಮೊದಲಾದ ಕೆಲವೇ ಅಂಕಣಗಳಿದ್ದು, ಉಳಿದುದೆಲ್ಲ ‘ಇತರ ಕಾರಣ’ವಾಗುತ್ತಿತ್ತು. ೧೮೯೮ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಂಥ ರೋಗವನ್ನು ಸರ್ಕಾರವು ಭಯಪಟ್ಟು ಮನೆಮನೆಯಲ್ಲಿಯೂ ಹುಡುಕಿತು; ಒಬ್ಬರಿಂದ ಒಬ್ಬರಿಗೆ ಅಂಟದ, ವರ್ಷಗಟ್ಟಲೆ ಒಳಗೇ ಬೆಳೆಯುವ ಅರ್ಬುದವನ್ನು ಹುಡುಕಲು ಯಾರಿಗೂ ಆತುರವಿರಲಿಲ್ಲ. ಅದು ಜ್ವರದ ಅಂಕಣದಲ್ಲಿಯೋ ಇತರ ಕಾರಣದಲ್ಲಿಯೋ ಮುಳುಗಿಹೋಯಿತು. ಭಾಷೆಯೂ ಇದಕ್ಕೆ ನೆರವಾಯಿತೆನ್ನಬೇಕು. ಈ ಸೀಮೆಯು ಕನ್ನಡ ತೆಲುಗುಗಳೆರಡನ್ನೂ ಆಡುವಂಥದು. ಹಳಗನ್ನಡದ ಪುಣ್ ನಮ್ಮಲ್ಲಿ ಹುಣ್ಣಾಗಿ, ತೆಲುಗಿನಲ್ಲಿ ಪುಂಡು ಎಂಬ ರೂಪದಲ್ಲಿದೆ. ಬಾಯೊಳಗಿನ ಮಾರಕವಾದ ವ್ರಣವೂ ಎಂಟು ದಿನದಲ್ಲಿ ಮಾಯುವ ವ್ರಣವೂ ಈ ಒಂದೇ ಶಬ್ದದೊಳಗೆ ಅಡಗುತ್ತವೆ. ಗ್ರಾಮಾಧಿಕಾರಗಳ ವಂಶಪಾರಂಪರ್ಯವು ೧೯೬೧ರ ಶಾಸನದಿಂದ ರದ್ದಾಯಿತು; ಜನನ ಮರಣಗಳ ನೋಂದಣಿಗೆ ೧೯೬೯ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯಾಯಿತು. ಆದರೆ ಮನೆಯಲ್ಲಿ ಸತ್ತವರ ಕಾರಣವನ್ನು ಮನೆಯವರ ಮಾತಿನ ಮೇಲೆ ಬರೆಯುವುದು ಅದರಿಂದ ನಿಂತುಹೋಗಲಿಲ್ಲ. ಅಂಕಿಅಂಶಗಳಿಲ್ಲದೆ ಆಡಳಿತವಿಲ್ಲವೆಂದು ಜೀವಮಾನವೆಲ್ಲ ವಾದಿಸಿದ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯು ಇದೇ ಚಿಕ್ಕಬಳ್ಳಾಪುರ ತಾಲ್ಲೂಕಿನದೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಪ್ರದೇಶಪ್ರದೇಶಕ್ಕೆ ರೋಗವನ್ನು ಹೋಲಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ ಹಳೆಯದು. ಆಲ್ಫ್ರೆಡ್ ಹ್ಯಾವಿಲೆಂಡ್ ಎಂಬ ವೈದ್ಯನು ೧೮೭೫ರಲ್ಲಿ ಮರಣದ ಅಂಕಿಗಳಿಂದ ಅರ್ಬುದದ ನಕ್ಷೆಯನ್ನು ಬರೆದು, ಹೊಳೆಯುಕ್ಕಿ ನೀರು ನಿಲ್ಲುವ ಜೇಡಿಮಣ್ಣಿನ ಪ್ರದೇಶಗಳಲ್ಲಿ ರೋಗವು ಹೆಚ್ಚೆಂದು ಸಾರಿದನು. ನಕ್ಷೆಯು ಅಂದವಾಗಿತ್ತು, ಕಾರಣವು ಮಾತ್ರ ಮುಂದೆ ನಿಲ್ಲಲಿಲ್ಲ. ಅಮೆರಿಕದಲ್ಲಿ ೧೯೫೦ರಿಂದ ೧೯೬೯ರವರೆಗಿನ ಮರಣಗಳನ್ನು ಮೂರು ಸಾವಿರಕ್ಕೂ ಮೇಲ್ಪಟ್ಟ ಕೌಂಟಿಗಳಿಗೆ ಹಂಚಿ ೧೯೭೫ರಲ್ಲಿ ಹೊರಡಿಸಿದ ನಕ್ಷೆಗಳ ಕಥೆ ಬೇರೆ. ಆಗ್ನೇಯ ಪ್ರಾಂತದ ಹೆಂಗಸರಲ್ಲಿ ಬಾಯಿಯ ಅರ್ಬುದವು ಹೆಚ್ಚಾಗಿ ಕಂಡಿತು. ಅಷ್ಟಕ್ಕೆ ತೃಪ್ತರಾಗದೆ ಆ ಊರುಗಳಿಗೆ ಹೋಗಿ ರೋಗಿಗಳನ್ನೂ ನಿರೋಗಿಗಳನ್ನೂ ಒಬ್ಬೊಬ್ಬರಾಗಿ ವಿಚಾರಿಸಿದಾಗ, ದವಡೆಯಲ್ಲಿ ನಶ್ಯವನ್ನಿಟ್ಟುಕೊಳ್ಳುವ ಅಭ್ಯಾಸವು ಕಾರಣವೆಂದು ೧೯೮೧ರಲ್ಲಿ ತಿಳಿಯಬಂದಿತು. ಕಡಲಂಚಿನ ಕೌಂಟಿಗಳಲ್ಲಿ ಶ್ವಾಸಕೋಶದ ಅರ್ಬುದವು ಹೆಚ್ಚಾಗಿದ್ದುದಕ್ಕೆ ಯುದ್ಧಕಾಲದ ಹಡಗುಕಟ್ಟೆಗಳ ಕಲ್ನಾರು ಒಂದು ಕಾರಣವಾಗಿತ್ತು. ಹ್ಯಾವಿಲೆಂಡನು ನಕ್ಷೆಯಲ್ಲಿಯೇ ಉತ್ತರವನ್ನು ಓದಿದನು. ಇವರು ನಕ್ಷೆಯಿಂದ ಪ್ರಶ್ನೆಯನ್ನು ಮಾತ್ರ ತೆಗೆದುಕೊಂಡರು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ರಾಷ್ಟ್ರೀಯ ನೋಂದಣಿಯ ಕಾರ್ಯಕ್ರಮವು ೧೯೮೨ರ ಆದಿಯಿಂದ ಅಂಕಿಗಳನ್ನು ಕೂಡಿಸತೊಡಗಿತು. ಅದಕ್ಕೆ ಹಿಂದೆ ೧೯೭೩ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆಯು ಸ್ಥಾಪಿತವಾಗಿತ್ತು. ಬೆಂಗಳೂರಿನ ನೋಂದಣಿಯು ಅಲ್ಲಿಯೇ ಆರಂಭವಾಯಿತು. ಅದರ ವ್ಯಾಪ್ತಿ ಬೆಂಗಳೂರಿನ ನಗರಪ್ರದೇಶ. ೨೦೧೨–೧೬ರ ಅಂಕಿಗಳನ್ನೊಳಗೊಂಡು ೨೦೨೦ರಲ್ಲಿ ಹೊರಟ ರಾಷ್ಟ್ರೀಯ ವರದಿಯಲ್ಲಿಯೂ ಕರ್ನಾಟಕದಿಂದ ಕಾಣುವ ಪ್ರದೇಶವು ಅದೊಂದೇ. ಇಂಥ ನೋಂದಣಿಯ ನಿಯಮವೇನೆಂದರೆ, ಆ ಪ್ರದೇಶದಲ್ಲಿ ಕಡಮೆಯೆಂದರೆ ಒಂದು ವರ್ಷ ವಾಸಮಾಡಿದವರನ್ನು ಮಾತ್ರ ಎಣಿಕೆಗೆ ತೆಗೆದುಕೊಳ್ಳಬೇಕು. ನಿಯಮವು ಸರಿಯಾದುದೇ, ಇಲ್ಲದಿದ್ದರೆ ಸುತ್ತಣ ಜಿಲ್ಲೆಗಳ ರೋಗಿಗಳೆಲ್ಲ ಬೆಂಗಳೂರಿನವರಾಗಿಬಿಡುತ್ತಾರೆ. ಆದರೆ ಅದರ ಫಲವನ್ನು ನೋಡಿ. ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವ ಹೆಂಗಸೊಬ್ಬಳು ಸ್ತನದ ಗಡ್ಡೆಯೊಡನೆ ಬೆಂಗಳೂರಿಗೆ ಬಂದಳೆಂದು ಭಾವಿಸೋಣ. ಆಸ್ಪತ್ರೆಯ ಕಡತದಲ್ಲಿ ಅವಳ ಊರು ಬರೆಯಲ್ಪಡುತ್ತದೆ. ಪರಸ್ಥಳದವಳೆಂದು ಬೆಂಗಳೂರಿನ ಪ್ರಮಾಣದಿಂದ ಅವಳ ಹೆಸರು ತೆಗೆಯಲ್ಪಡುತ್ತದೆ. ಅವಳ ತಾಲ್ಲೂಕಿಗೆ ಅಂಥ ಪ್ರಮಾಣವೇ ಇಲ್ಲದುದರಿಂದ ಅಲ್ಲಿಗೂ ಸೇರುವುದಿಲ್ಲ. ಯಲಹಂಕದ ನೆಂಟರ ವಿಳಾಸವನ್ನು ಕೊಟ್ಟು ಅದನ್ನು ಯಾರೂ ಪರೀಕ್ಷಿಸದಿದ್ದರೆ ಅವಳು ಬೆಂಗಳೂರಿನವಳಾಗುತ್ತಾಳೆ. ಚಿಂತಾಮಣಿಯ ಕಡೆಯವರು ವೆಲ್ಲೂರಿಗೂ, ಗೌರಿಬಿದನೂರಿನ ಕಡೆಯವರು ಹಿಂದೂಪುರಕ್ಕೂ ಹೋದರೆ ಕಡತವು ರಾಜ್ಯದ ಎಲ್ಲೆಯನ್ನೇ ದಾಟುತ್ತದೆ. ಗೌರಿಬಿದನೂರಿನ ಬಳಿ ೧೯೬೫ರಲ್ಲಿ ಸ್ಥಾಪಿತವಾದ ಭೂಕಂಪನದ ಕೇಂದ್ರವು ಖಂಡಾಂತರಗಳ ಭೂಗರ್ಭ ಸ್ಫೋಟಗಳನ್ನು ಗುರುತಿಸಬಲ್ಲದು. ನೆರೆಯ ಹಳ್ಳಿಯಲ್ಲಿ ವರ್ಷಕ್ಕೆ ಎಷ್ಟು ಮಂದಿಗೆ ಅರ್ಬುದವಾಯಿತೆಂದು ಹೇಳುವ ಯಂತ್ರವು ಆ ಊರಿನಲ್ಲಿಲ್ಲ.

೨೦೦೧–೦೨ರ ಅಂಕಿಗಳಿಂದ ಸಿದ್ಧವಾದ ಭಾರತದ ಅರ್ಬುದದ ಭೂಪಟವು ಜಿಲ್ಲೆಗಳನ್ನು ಹೋಲಿಸಿದ ಸಾಹಸ. ರೋಗನಿದಾನದ ಪ್ರಯೋಗಶಾಲೆಗಳಿಂದ ವಿವರಗಳನ್ನು ತರಿಸಿ, ಬಂದ ಪ್ರಮಾಣಕ್ಕೆ ‘ಕನಿಷ್ಠ’ವೆಂಬ ವಿಶೇಷಣವನ್ನು ಸೇರಿಸಿದರು. ಆ ವಿಶೇಷಣವೇ ಅದರ ಪ್ರಾಮಾಣಿಕತೆ. ಪ್ರಯೋಗಶಾಲೆಯವರೆಗೆ ಬಂದವರಿಗಿಂತ ನಿಜವಾದ ಸಂಖ್ಯೆಯು ಕಡಮೆಯಿರಲಾರದು. ಎಷ್ಟು ಹೆಚ್ಚೆಂಬುದು ಮಾತ್ರ ಅದರಿಂದ ತಿಳಿಯದು. ಆಗ ನಮ್ಮ ನಾಲ್ಕು ತಾಲ್ಲೂಕುಗಳೂ ಕೋಲಾರದೊಳಗೇ ಇದ್ದುವು.

ಹಳ್ಳಿಗಳಲ್ಲಿ ಎಣಿಕೆಯು ಅಸಾಧ್ಯವೆಂಬ ಮಾತಿಗೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯು ೧೯೮೭ರಿಂದಲೂ ಉತ್ತರವಾಗಿದೆ. ಬಾರ್ಶಿ, ಪರಂಡಾ, ಭೂಮ್ ತಾಲ್ಲೂಕುಗಳ ಹಳ್ಳಿಗಳಿಗೆ ಕಾರ್ಯಕರ್ತರು ಮತ್ತೆ ಮತ್ತೆ ಹೋಗಿ, ರೋಗದ ಲಕ್ಷಣಗಳನ್ನು ಜನಕ್ಕೆ ತಿಳಿಸಿ, ಸಂಶಯವುಳ್ಳವರನ್ನು ಆಸ್ಪತ್ರೆಗೆ ಕರೆತಂದು ಬರೆದುಕೊಂಡರು. ರೋಗಿಯು ಬರುವವರೆಗೆ ಕಾದುಕೂರುವ ನೋಂದಣಿ ಅದಲ್ಲ. ಅಲ್ಲಿಯ ಪ್ರಮಾಣವು ನಗರಗಳಿಗಿಂತ ಬಹಳ ಕಡಮೆಯೆಂದು ಕಂಡಿತು. ಆದರೆ ಹೆಂಗಸರಲ್ಲಿ ಗರ್ಭಕೋಶದ ಕೊರಳಿನ ಅರ್ಬುದವೇ ಮುಂದಾಗಿತ್ತು. ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ ೧೯೯೯ರಿಂದ ೧,೩೧,೭೪೬ ಹೆಂಗಸರನ್ನು ಸೇರಿಸಿಕೊಂಡು ನಡೆದ ಪರೀಕ್ಷೆಯ ಫಲವು ೨೦೦೯ರಲ್ಲಿ ಪ್ರಕಟವಾಯಿತು: ಆ ರೋಗಕ್ಕೆ ಮೂಲವಾದ ವೈರಾಣುವನ್ನು ಒಂದೇ ಒಂದು ಸಲ ಪರೀಕ್ಷಿಸಿ ಚಿಕಿತ್ಸೆಮಾಡಿದ ಪಂಗಡದಲ್ಲಿ ಆ ರೋಗದ ಮರಣಗಳು ಹೆಚ್ಚುಕಡಮೆ ಅರ್ಧಕ್ಕಿಳಿದುವು. ಎಣಿಸುವ ಏರ್ಪಾಡು ಮೊದಲೇ ಇದ್ದುದರಿಂದಲೇ ಇದನ್ನು ಅಲ್ಲಿ ಅಳೆಯಲು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ತಾಲ್ಲೂಕು ಚಿಕ್ಕದೆಂಬುದು ಇನ್ನೊಂದು ತೊಡಕು. ಎರಡು ಲಕ್ಷ ಜನರುಳ್ಳ ತಾಲ್ಲೂಕಿನಲ್ಲಿ ಲಕ್ಷಕ್ಕೆ ೪೦ರಂತೆ ರೋಗವಿದ್ದರೆ ವರ್ಷಕ್ಕೆ ೮೦ ರೋಗಿಗಳು. ಕಾರಣವೇನೂ ಬದಲಾಗದೆಯೇ ಈ ಸಂಖ್ಯೆಯು ಒಂದು ವರ್ಷ ೬೫, ಮತ್ತೊಂದು ವರ್ಷ ೯೫ ಆಗಬಹುದು. ಒಂದೇ ಅವಯವದ ಅರ್ಬುದವನ್ನು ತೆಗೆದುಕೊಂಡರೆ ವರ್ಷಕ್ಕೆ ಆರೋ ಏಳೋ ಮಂದಿ ಇರಬಹುದು. ಅದು ಮೂರಕ್ಕಿಳಿದರೂ ಹತ್ತಕ್ಕೇರಿದರೂ ಆಶ್ಚರ್ಯವಿಲ್ಲ. ಒಂದು ವರ್ಷದ ಪಟ್ಟಿಯಿಂದ ಚಿಂತಾಮಣಿಯನ್ನು ಶಿಡ್ಲಘಟ್ಟಕ್ಕೆ ಹೋಲಿಸಿದರೆ ಪಗಡೆಯ ಗರಗಳನ್ನು ಹೋಲಿಸಿದಂತಾದೀತು. ವಯಸ್ಸಿನ ವಿಷಯವೂ ಹಾಗೆಯೇ. ತರುಣರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಮುದುಕರು ಉಳಿದ ಊರಿನಲ್ಲಿ, ವಯಸ್ಸಿಗೆ ತಕ್ಕಂತೆ ಸರಿಪಡಿಸದಿದ್ದರೆ, ರೋಗವು ಹೆಚ್ಚಿದಂತೆಯೇ ಕಾಣುತ್ತದೆ.

ನೀರಿನ ಮಾತನ್ನು ಕೊನೆಗೆ ಇಟ್ಟುಕೊಂಡೆನು. ಕೆರೆಗಳು ಬತ್ತಿ, ಕೊಳವೆಬಾವಿಗಳು ಆಳವಾಗಿ, ಕಗ್ಗಲ್ಲಿನ ಬಿರುಕುಗಳ ನೀರನ್ನು ಜನರು ಕುಡಿಯುವಂತಾದಾಗ ಫ್ಲೋರೈಡಿನ ಬಾಧೆಯು ಈ ಸೀಮೆಯಲ್ಲಿ ಬಲವಾಯಿತು. ಇದು ಕೂಡ ಪ್ರದೇಶಪ್ರದೇಶಕ್ಕೆ ಬೇರೆಯಾಗುವ ರೋಗವೇ. ಮದರಾಸು ಆಧಿಪತ್ಯದಲ್ಲಿ ಇದನ್ನು ೧೯೩೭ರಲ್ಲಿಯೇ ವೈದ್ಯರು ವರ್ಣಿಸಿದ್ದರು. ಆದರೆ ಫ್ಲೋರೈಡು ತನ್ನ ಶಾಸನವನ್ನು ತಾನೇ ಕೆತ್ತುತ್ತದೆ. ಶಾಲೆಯ ಮಕ್ಕಳ ಹಲ್ಲನ್ನು ನೋಡಿದರೆ ಆ ಊರಿನ ನೀರು ತಿಳಿಯುತ್ತದೆ. ನೋಂದಣಿಯೂ ಬೇಡ, ಪ್ರಮಾಣವೂ ಬೇಡ. ಅರ್ಬುದಕ್ಕೆ ಅಂಥ ಗುರುತಿಲ್ಲ. ಕಾರಣ ನಡೆದು ಹತ್ತಿಪ್ಪತ್ತು ವರ್ಷಗಳಾದ ಮೇಲೆ ಅದು ತೋರಿಕೊಳ್ಳುತ್ತದೆ, ಅಷ್ಟರಲ್ಲಿ ಮನುಷ್ಯನು ಊರು ಬಿಟ್ಟಿರುತ್ತಾನೆ. ಪೂರ್ವ ಕರ್ನಾಟಕದ ಕೊಳವೆಬಾವಿಗಳಲ್ಲಿ ಯುರೇನಿಯಮ್ ಧಾತುವು ಲೀಟರಿಗೆ ೩೦ ಮೈಕ್ರೋಗ್ರಾಮೆಂಬ ವಿಶ್ವ ಆರೋಗ್ಯಸಂಸ್ಥೆಯ ಮಿತಿಯನ್ನು ಮೀರಿರುವುದನ್ನು ಇತ್ತೀಚಿನ ಪರೀಕ್ಷೆಗಳು ತೋರಿಸಿವೆ. ಹೀಗೆ ನೀರಿನ ಮೂಲಕ ಸೇರುವ ಯುರೇನಿಯಮ್ ಮೊದಲು ಪೀಡಿಸುವುದು ಮೂತ್ರಪಿಂಡವನ್ನು. ಅದನ್ನು ಅರ್ಬುದದ ಲೆಕ್ಕಕ್ಕೆ ಬರೆಯುವವರು ಮೂತ್ರಪಿಂಡದ ರೋಗಿಯನ್ನು ಮರೆಯುವಂತಾಗಬಾರದು. ನೀರನ್ನು ಶುದ್ಧಿಮಾಡುವ ಕೆಲಸವಂತೂ ಯಾವ ಎಣಿಕೆಗೂ ಕಾಯಬೇಕಾದುದಲ್ಲ.

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಪರಸ್ಥಳದವರೆಂದು ಬದಿಗಿಟ್ಟ ಕಡತಗಳಲ್ಲಿ ಊರು, ತಾಲ್ಲೂಕು, ವಯಸ್ಸು, ರೋಗದ ಸ್ಥಾನ ಇವೆಲ್ಲ ಬರೆದಿರುತ್ತವೆ. ಅವುಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿ, ವೆಲ್ಲೂರು ಹಿಂದೂಪುರಗಳ ಕಡತಗಳನ್ನು ಕೂಡಿಸಿ, ಒಬ್ಬರೇ ಎರಡು ಕಡೆ ಬಂದಿದ್ದರೆ ಅದನ್ನು ಕಳೆದು, ಐದಾರು ವರ್ಷಗಳ ಮೊತ್ತವನ್ನು ಗ್ರಾಮಪಂಚಾಯತಿಗಳ ಮರಣದ ಪುಸ್ತಕದೊಡನೆ ತಾಳೆನೋಡಿದರೆ, ನಾಲ್ಕು ತಾಲ್ಲೂಕುಗಳಿಗೂ ಒಂದು ಕನಿಷ್ಠ ಸಂಖ್ಯೆಯು ದೊರೆಯುತ್ತದೆ. ರೈಸ್ ಸಾಹೇಬರ ಕಾಲದಲ್ಲಿ ಶಾಸನಗಳಿಗಾಗಿ ಇದೇ ಹಳ್ಳಿಗಳನ್ನು ಸುತ್ತಿದವರ ಕೆಲಸಕ್ಕಿಂತ ಈ ಕೆಲಸವು ಹೆಚ್ಚು ಕಷ್ಟವಾದುದೆಂದು ನನಗೆ ತೋರುವುದಿಲ್ಲ.