ಎರವಲು ಮಟ್ಟು, ನಮ್ಮ ಮಾಲು: ತುಮಕೂರು ಸೀಮೆಯ ರೀಲ್ಸ್ ವ್ಯಾಪಾರ

ಪಾರ್ಸಿ ಅಥವಾ ಮರಾಠಿ ರಂಗದ ಮೇಲೆ ಒಂದು ಹಾಡು ಗೆದ್ದರೆ ಅದರ ಮಟ್ಟು ಕನ್ನಡದ ಕಂಪನಿ ನಾಟಕಕ್ಕೆ ಬಂದು ಇಳಿಯುತ್ತಿತ್ತು. ಹಾರ್ಮೋನಿಯಂ ಮಾಸ್ತರರು ಧಾಟಿ ಹಿಡಿದುಕೊಡುವರು, ಕವಿಗಳು ಅದರೊಳಗೆ ನಮ್ಮ ಕೃಷ್ಣನನ್ನೋ ಸದಾರಮೆಯನ್ನೋ ಕೂರಿಸುವರು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಬೆಳೆದದ್ದು ಈ ಎರವಲಿನ ಕಾಲದಲ್ಲೇ. ಆದರೂ ಜನ ಇಂದಿಗೂ ನೆನೆಯುವುದು ಎರವಲು ಮಟ್ಟುಗಳನ್ನಲ್ಲ, 1934ರ ‘ಕುರುಕ್ಷೇತ್ರ’ಕ್ಕಾಗಿ ಗುಬ್ಬಿ ವೀರಣ್ಣನವರು ರಂಗಕ್ಕೇ ನಡೆಸಿಕೊಂಡು ಬಂದ ಆನೆ, ಕುದುರೆಗಳನ್ನು.

ಅದೇ ಸೀಮೆಯ ಅಂಗಡಿ, ತೋಟ, ಅಡುಗೆಮನೆಗಳಲ್ಲಿ ಈಗ ನಡೆಯುತ್ತಿರುವ ರೀಲ್ಸ್ ವ್ಯಾಪಾರವನ್ನು ನೋಡುವಾಗ ನನಗೆ ಈ ಎರಡೂ ನೆನಪಾಗುತ್ತವೆ. ಟ್ರೆಂಡ್ ಎಂದರೆ ಎರವಲು ಮಟ್ಟು. ಅದರೊಳಗೆ ಏನನ್ನು ಕೂರಿಸುತ್ತೇವೆ, ಕೊನೆಗೆ ರಂಗದ ಮೇಲೆ ನಿಜವಾದ ಆನೆ ಬರುತ್ತದೆಯೇ ಎಂಬುದರ ಮೇಲೆ ವ್ಯಾಪಾರ ನಿಂತಿದೆ. ಹತ್ತು ವರ್ಷಗಳಲ್ಲಿ ಈ ಕಸುಬು ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಹೇಗೆ ಮೈ ತಳೆಯಿತು ಎಂಬುದನ್ನು ಹಂತಹಂತವಾಗಿ ನೋಡೋಣ.

ಸ್ಟೇಟಸ್ಸಿನ ಕಾಲ

ಇಲ್ಲಿನವರಿಗೆ ಮಾರುವ ವಿದ್ಯೆ ಹೊಸದಲ್ಲ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆ, ವ್ಯಾಪಾರಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಸಂತೆಯಲ್ಲಿ ಕೂಗುವವನಿಗೆ ಎದುರಿಗಿರುವವರ ಮುಖ ಕಾಣುತ್ತದೆ. ಫೋನಿನ ವ್ಯಾಪಾರ ಶುರುವಾದಾಗ ಮೊದಲು ಮರೆಯಾದದ್ದೇ ಆ ಮುಖ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಗುವವರೆಗೆ ಆನ್‌ಲೈನ್ ಮಾರಾಟವೆಂದರೆ ಫೇಸ್‌ಬುಕ್ ಪುಟದಲ್ಲಿ ನಾಲ್ಕು ಫೋಟೊ ಹಾಕುವುದು, ಅಷ್ಟೆ. ಆಮೇಲೆ ಅದಕ್ಕಿಂತ ಗಟ್ಟಿಯಾಗಿ ನೆಲೆಯೂರಿದ್ದು ವಾಟ್ಸ್‌ಆ್ಯಪ್ ಸ್ಟೇಟಸ್. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೊ ಈ ಅಭ್ಯಾಸವನ್ನೇ ನಂಬಿ ಬೆಳೆದ ಕಂಪನಿ. ಮನೆಯಲ್ಲಿರುವ ಹೆಂಗಸರು ಸೀರೆ, ಕುರ್ತಿಗಳ ಫೋಟೊ ಇಳಿಸಿಕೊಂಡು, ತಮ್ಮ ಲಾಭ ಸೇರಿಸಿ, ಪರಿಚಯದವರಿಗೆ ಕಳಿಸುವುದು. ಇದಕ್ಕೆ ‘ರೀಸೆಲ್ಲಿಂಗ್’ ಎಂಬ ಹೆಸರೂ ಬಂತು. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು; ಮುಂದೆ ಅದರಲ್ಲಿ ಫೋಟೊಗಳೆಲ್ಲ ಕ್ಯಾಟಲಾಗ್ ಆಗತೊಡಗಿದವು.

ಈ ಹಂತದಲ್ಲಿ ಮಾರುವವರ ಮುಖ ತೋರಿಸುವ ಅಗತ್ಯವಿರಲಿಲ್ಲ. ಕೊಳ್ಳುವವರು ಚಿಕ್ಕಮ್ಮನೋ, ಮಗಳ ಶಾಲೆಯ ಗೆಳತಿಯ ತಾಯಿಯೋ ಆಗಿರುತ್ತಿದ್ದರು. ನಂಬಿಕೆ ಮೊದಲೇ ಇತ್ತು, ಫೋಟೊ ನೆಪವಷ್ಟೇ. ಅದೇ ಅದರ ಮಿತಿಯೂ ಹೌದು: ಪರಿಚಯದ ಬಳಗ ಮುಗಿದಲ್ಲಿಗೆ ವ್ಯಾಪಾರವೂ ಮುಗಿಯುತ್ತಿತ್ತು.

ಹದಿನೈದು ಸೆಕೆಂಡಿನ ಶಾಲೆ

ಪರಿಚಯವಿಲ್ಲದವರ ಫೋನಿಗೂ ನುಗ್ಗುವ ದಾರಿ ತೋರಿಸಿದ್ದು ಟಿಕ್‌ಟಾಕ್. 2018ರ ಆಗಸ್ಟಿನಲ್ಲಿ ಮ್ಯೂಸಿಕಲಿ ಎಂಬ ಆ್ಯಪ್ ಅದರಲ್ಲಿ ವಿಲೀನವಾಯಿತು. ಮುಂದಿನ ಎರಡು ವರ್ಷ ಊರೂರಿನ ಹುಡುಗ ಹುಡುಗಿಯರು ಡೈಲಾಗಿಗೆ ತುಟಿ ಆಡಿಸಿದರು, ಗದ್ದೆ ಬದುವಿನ ಮೇಲೆ ಕುಣಿದರು. ಮಾರಾಟ ಹೆಚ್ಚೇನೂ ಆಗಲಿಲ್ಲ. ಆದರೆ ಮೂರು ಪಾಠ ಕಲಿತರು. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವನ ಹೆಬ್ಬೆರಳು ನಿಲ್ಲಬೇಕು. ಕೇಳಿದ ದನಿಯೇ ಮತ್ತೆ ಕೇಳಿದರೆ ಕಿವಿ ಬೇಗ ಸೋಲುತ್ತದೆ. ಫಾಲೋವರ್ಸ್ ಇಲ್ಲದವನ ವಿಡಿಯೊ ಕೂಡ ಓಡಬಹುದು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿತ್ತು. ಏಪ್ರಿಲ್‌ನಲ್ಲಿ ನೆರೆಯ ಹಿರಿಯೂರು ತಾಲ್ಲೂಕಿನ ರೈತ ಮಹಿಳೆಯೊಬ್ಬರು ಮಾರಾಟವಾಗದ ಈರುಳ್ಳಿಯ ಕಷ್ಟವನ್ನು ವಿಡಿಯೊದಲ್ಲಿ ಹೇಳಿಕೊಂಡಾಗ ಮುಖ್ಯಮಂತ್ರಿಯೇ ಅವರಿಗೆ ಫೋನ್ ಮಾಡಿದರು. ಬೆಳೆದವರು ಕ್ಯಾಮೆರಾ ಮುಂದೆ ನಿಂತು ತಮ್ಮ ಮಾತಿನಲ್ಲೇ ಮಾತಾಡಿದರೆ ಕೇಳುವವರಿದ್ದಾರೆ ಎಂಬ ಧೈರ್ಯ ಬಯಲುಸೀಮೆಯ ರೈತರಿಗೆ ಬಂದದ್ದು ಇಂಥ ವಿಡಿಯೊಗಳಿಂದ.

ಆ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈ 8ಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. ನಡುವೆ ಮೋಜ್, ಜೋಶ್ ಎಂದು ಹಲವು ಆ್ಯಪ್‌ಗಳು ಬಂದವು. ಶಾಲೆ ಮುಚ್ಚಿದರೂ ಕಲಿತ ಮಕ್ಕಳು ಬೇರೆ ಶಾಲೆಗೆ ಸೇರಿಕೊಂಡರು. ಈ ಸಲ ಜೊತೆಗೆ ಅಂಗಡಿಯವರೂ ಬಂದರು.

ಅಂಗಡಿಯ ರಂಗಸಜ್ಜಿಕೆ

ತುಮಕೂರಿನ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಒಂದು ಬೆಳಿಗ್ಗೆ ನೋಡಿದ್ದು. ಗಿರಾಕಿಗಳು ಬರುವ ಮುನ್ನಿನ ಅರ್ಧ ಗಂಟೆ. ರಿಂಗ್ ಲೈಟನ್ನು ಸೀರೆ ಬಾಕ್ಸಿನ ಮೇಲೆ ಒರಗಿಸಿದ್ದಾರೆ. ಕೌಂಟರಿನ ಹುಡುಗಿ ಒಂದು ಟ್ರೆಂಡಿಂಗ್ ಆಡಿಯೊಗೆ ಮೂರು ಸಲ ಕುಣಿದಾಯಿತು. ಮೂರನೆಯದು ಮುಗಿಯುವಷ್ಟರಲ್ಲಿ ಗಲ್ಲಾದ ಹಿಂದಿನಿಂದ ಯಜಮಾನಿಯ ದನಿ: “ಕುಣ್ದಿದ್ದು ಸಾಕಮ್ಮ, ಸೆರಗು ತೋರ್ಸು. ಜನ ನಿನ್ನ ನೋಡಿ ಲೈಕ್ ಒತ್ತಿ ಹೋಗ್ತಾರೆ, ಸೆರಗು ನೋಡಿದ್ರೆ ರೇಟ್ ಕೇಳ್ತಾರೆ.” ನಾಲ್ಕನೆಯ ಸಲ ಹುಡುಗಿ ಹಾಡಿನ ತಾಳಕ್ಕೆ ಸರಿಯಾಗಿ ಸೆರಗನ್ನು ಕ್ಯಾಮೆರಾದತ್ತ ಬೀಸಿದಳು. ಸಂಜೆಯೊಳಗೆ ಕಾಮೆಂಟುಗಳಲ್ಲಿ “ಅಕ್ಕಾ ರೇಟ್ ಎಷ್ಟು?”, “ಇದ್ರಲ್ಲಿ ಹಸಿರು ಇದ್ಯಾ?”, “ಕ್ಯಾಶ್ ಆನ್ ಡೆಲಿವರಿ ಇದ್ಯಾ?” ಸಾಲುಗಟ್ಟಿದ್ದವು.

ಆ ಯಜಮಾನಿ ಮಾರ್ಕೆಟಿಂಗ್ ಓದಿದವರಲ್ಲ. ಟ್ರೆಂಡನ್ನು ಒಗ್ಗಿಸಿಕೊಳ್ಳುವ ಸೂತ್ರವನ್ನು ಮಾತ್ರ ಅವರಷ್ಟು ಚೊಕ್ಕಟವಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಸ್ವಂತ ಟ್ರೆಂಡ್‌ಗಳು ಹುಟ್ಟಿದ ಮೇಲೆ ಕನ್ನಡದ ಅಂಗಡಿಗಳಿಗೆ ಈ ಕೆಲಸ ಹಗುರವಾಯಿತು. 2023ರ ಕೊನೆಯ ಹೊತ್ತಿಗೆ ವಿಕ್ಕಿಪೀಡಿಯ ಚಾನೆಲ್‌ನ ‘ನಂದಿನಿ’ ರೀಲ್ ಎಲ್ಲರ ಫೋನಿನಲ್ಲೂ ಕುಣಿಯಿತು. ಅದೂ ಎರವಲು ಮಟ್ಟೇ. ‘ಬಾರ್ಬಿ ಗರ್ಲ್’ ಎಂಬ ಇಂಗ್ಲಿಷ್ ಹಾಡಿನ ಧಾಟಿಗೆ, ಬೆಂಗಳೂರಿಗೆ ಬಂದು ಪಿಜಿಯಲ್ಲಿರುವ ಹುಡುಗಿಯ ಮಾತು. ಅದರ ಹಿಂದೆಯೇ, 2024ರ ಆರಂಭದಲ್ಲಿ, 1999ರ ‘ಉಪೇಂದ್ರ’ ಚಿತ್ರದ ಕರಿಮಣಿ ಹಾಡು ಇಪ್ಪತ್ತೈದು ವರ್ಷದ ನಿದ್ದೆಯಿಂದೆದ್ದು ಊರೆಲ್ಲ ಸುತ್ತಿತು. ಇಂಥ ಟ್ರೆಂಡ್‌ನಲ್ಲಿ ಚಿನ್ನದಂಗಡಿಗೆ ಮಾಂಗಲ್ಯದ ಸರ ಸಿಗುತ್ತದೆ, ಫ್ಯಾನ್ಸಿ ಸ್ಟೋರಿಗೆ ಬಳೆ ಸಿಗುತ್ತದೆ. ಹಾರ್ಡ್‌ವೇರ್ ಅಂಗಡಿಯವನು ಅದೇ ಹಾಡಿಗೆ ಪೈಪ್ ಹಿಡಿದು ನಿಂತರೆ ವ್ಯೂಸ್ ಬಂದೀತು, ಗಿರಾಕಿ ಬರುವುದಿಲ್ಲ.

ವ್ಯಾಪಾರಿಯ ಮಾತೇ ಟ್ರೆಂಡ್ ಆದದ್ದೂ ಉಂಟು. 2023ರಲ್ಲಿ ದೆಹಲಿಯ ಚೂಡಿದಾರ್ ವ್ಯಾಪಾರಿಯೊಬ್ಬರು ಲೈವ್‌ನಲ್ಲಿ ತಮ್ಮ ಮಾಲನ್ನು ಹೊಗಳಿದ ‘ಲುಕಿಂಗ್ ಲೈಕ್ ಎ ವಾವ್’ ಸಿನಿಮಾ ನಟಿಯರ ಬಾಯಿಗೂ ಬಂತು. ಅದಕ್ಕೂ ಮೊದಲು ಬಂಗಾಳದ ಕಡಲೆಕಾಯಿ ವ್ಯಾಪಾರಿಯ ‘ಕಚ್ಚಾ ಬಾದಾಮ್’ ಕೂಗು ದೇಶವನ್ನೇ ಕುಣಿಸಿತ್ತು. ಎರಡೂ ಸಂತೆಯ ಕೂಗುಗಳೇ.

ಮೂರು ಊರು, ಮೂರು ಬಗೆ

ಮೂರೂ ಊರುಗಳ ರೀಲ್ಸ್ ನೋಡುತ್ತ ಹೋದರೆ ಅವುಗಳ ಉದ್ದೇಶವೇ ಬೇರೆಬೇರೆ ಎಂಬುದು ತಿಳಿಯುತ್ತದೆ.

ತುಮಕೂರಿನದು ಅಂಗಡಿಯ ರೀಲ್ಸ್, ಹೋಟೆಲಿನ ರೀಲ್ಸ್. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೆಸರು ಮಾಡಿದ್ದು ಹೆದ್ದಾರಿಯ ಪ್ರಯಾಣಿಕರಿಂದ, ಫೋನ್ ಬರುವುದಕ್ಕೆ ಬಹಳ ಮೊದಲೇ. ಈಗ ಫುಡ್ ವ್ಲಾಗರ್‌ಗಳು ಮಾಡುವುದಿಷ್ಟೇ: ಮುಚ್ಚಳ ತೆಗೆದಾಗ ಏಳುವ ಹಬೆ, ಇಡ್ಲಿಯ ಮೇಲೆ ಕರಗುವ ಬೆಣ್ಣೆ, ಮೊದಲ ತುತ್ತಿಗೆ ಕಣ್ಣು ಮುಚ್ಚುವ ಮುಖ. ಸಿಯೋಲ್‌ನಲ್ಲಿ ನೂಡಲ್ಸ್ ಮಾರುವವರೂ ಇದೇ ಮೂರು ಶಾಟ್ ಬಳಸುತ್ತಾರೆ. ಕೊರಿಯರ್‌ನಲ್ಲಿ ಹೋಗದ ಈ ಮಾಲಿಗೆ ವಿಡಿಯೊ ಮಾಡುವ ಉಪಕಾರ, ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರ ಗಿರಾಕಿಯನ್ನೇ ಎಬ್ಬಿಸಿಕೊಂಡು ಬರುವುದು.

ಕುಣಿಗಲ್ಲಿನದು ದಾರಿಯ ರೀಲ್ಸ್. ಮಂಗಳೂರು ಹೆದ್ದಾರಿಯಲ್ಲಿ ಶನಿವಾರ ಬೆಳಿಗ್ಗೆ ಹಾಸನದ ಕಡೆಗೆ ಹೋಗುವ ಕಾರುಗಳು ಇಲ್ಲಿ ಒಮ್ಮೆ ಬ್ರೇಕ್ ಹಾಕಬೇಕು, ವಿಡಿಯೊದ ಗುರಿ ಅಷ್ಟೇ. ಊರಿಗೊಂದು ಸಿದ್ಧ ಸಂಗೀತವೂ ಇದೆ: ಕುಣಿಗಲ್ ಕೆರೆಯ ಜನಪದ ಗೀತೆ. ಕೆರೆ ಏರಿಯ ಮೇಲೆ ಮುಸುಕಿನ ಜೋಳ ಸುಡುವವನಿಗೂ ಅದು ಒಪ್ಪುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹಾಡು ಜನಪದದ್ದಾದರೂ ಧ್ವನಿಮುದ್ರಣಕ್ಕೆ ಒಡೆಯರಿರುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಖಾತೆ ಮಾಡಿಕೊಂಡವರಿಗೆ ಸಿನಿಮಾ ಹಾಡುಗಳು ಬಹುಮಟ್ಟಿಗೆ ಸಿಗುವುದಿಲ್ಲ, ಹಕ್ಕು ತಕರಾರು ಬಂದರೆ ವಿಡಿಯೊ ಮೂಕವಾಗುತ್ತದೆ. ಕೆರೆಯ ಹಾಡನ್ನು ಮನೆಯ ಅಜ್ಜಿಯಿಂದಲೇ ಹಾಡಿಸಿ ಬಳಸಿದರೆ ಆ ಕಾಟ ಇಲ್ಲ, ದನಿಯೂ ಊರಿನದೇ ಆಗುತ್ತದೆ.

ಗುಬ್ಬಿಯದು ತೋಟದ ರೀಲ್ಸ್. ಇವುಗಳಲ್ಲಿ ಹೆಚ್ಚು ಕುತೂಹಲದ್ದು ಹಲಸು. ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿನ ರೈತರೊಬ್ಬರ ಜಮೀನಿನ ಮರದಲ್ಲಿ ತಾಮ್ರಗೆಂಪು ತೊಳೆಯ, ಸುಮಾರು ಎರಡೂವರೆ ಕೆಜಿ ತೂಗುವ ಹಣ್ಣನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿ, ರೈತರ ತಂದೆಯ ಹೆಸರಿನಲ್ಲಿ ‘ಸಿದ್ದು’ ಎಂದು ಕರೆದರು. 2017ರಲ್ಲಿ ಸಂಸ್ಥೆ ಆ ರೈತರಿಗೇ ಸಸಿ ಬೆಳೆಸಿ ಮಾರುವ ಪರವಾನಗಿ ಕೊಟ್ಟಿತು. ಹಣ್ಣು ಚಿಕ್ಕದು, ಆದ್ದರಿಂದ ಪುಟ್ಟ ಸಂಸಾರಕ್ಕೆ ಸರಿ. ಬಣ್ಣಕ್ಕೆ ಕಾರಣ ಲೈಕೋಪಿನ್ ಎಂಬ ಅಂಶ, ಆದ್ದರಿಂದ ಆರೋಗ್ಯದ ಮಾತೂ ಜೊತೆಗೆ ಬರುತ್ತದೆ.

ಇಷ್ಟನ್ನೆಲ್ಲ ಹೇಳಲು ಪತ್ರಿಕೆಗೆ ಅರ್ಧ ಪುಟ ಬೇಕು. ವಿಡಿಯೊಗೆ ಒಂದು ಕುಡುಗೋಲು ಸಾಕು. ಎಣ್ಣೆ ಸವರಿದ ಕೈ, ಮುಳ್ಳಿನ ಸಿಪ್ಪೆ ಚರಚರ ಸೀಳುವ ಸದ್ದು, ಎರಡು ಹೋಳು ಬೇರೆಯಾದಾಗ ಕಾಣುವ ಕೆಂಪು. ಹಾಡೂ ಬೇಡ, ಮಾತೂ ಬೇಡ. ಸೋಪು ಕತ್ತರಿಸುವ, ಜೇನುಹುಟ್ಟು ಹಿಂಡುವ ವಿಡಿಯೊಗಳ ಟ್ರೆಂಡ್ ಜಗತ್ತಿನಾದ್ಯಂತ ಓಡಿದ್ದು ಸದ್ದಿನ ಈ ಸುಖದಿಂದಲೇ. ಹಲಸಿಗೆ ಅದು ಹುಟ್ಟಿನಿಂದಲೇ ಬಂದಿದೆ. ವೀರಣ್ಣನವರ ಆನೆ ಎಂದರೆ ಇದು.

ಕ್ಯಾಮೆರಾ ತಿರುಗಿದಾಗ

ವಿಡಿಯೊ ಗಿರಾಕಿಯ ಕೈಯಲ್ಲೂ ಇದೆ ಎಂಬುದನ್ನು ತುಮಕೂರು ದೇಶಕ್ಕೇ ತೋರಿಸಿಕೊಟ್ಟಿತು. 2022ರ ಜನವರಿಯಲ್ಲಿ ಇಲ್ಲಿನ ವಾಹನ ಶೋರೂಮೊಂದಕ್ಕೆ ಗೂಡ್ಸ್ ಗಾಡಿ ಕೊಳ್ಳಲು ಹೋದ ರೈತರನ್ನು ಅವರ ಉಡುಗೆ ನೋಡಿ, ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದು ಎಂಬಂತೆ ಹೀಯಾಳಿಸಲಾಯಿತು. ಗಂಟೆಯೊಳಗೆ ಅವರು ಹತ್ತು ಲಕ್ಷ ತಂದು ಗಾಡಿ ಕೊಡಿ ಎಂದರು. ಆ ವಿಡಿಯೊ ಎಷ್ಟು ಹರಡಿತೆಂದರೆ ಕಂಪನಿ ವಿಷಾದ ಹೇಳಬೇಕಾಯಿತು. ಜಾಹೀರಾತಿಗೆ ಕೋಟಿ ಸುರಿದವರೂ ಕೌಂಟರಿನಲ್ಲಿ ಆಡಿದ ಒಂದು ಮಾತಿಗೆ ತಲೆ ತಗ್ಗಿಸಬೇಕಾದ ಕಾಲವಿದು.

ನಿಯಮ, ಹಣ, ಮೂಟೆ

ಚೀನಾದಲ್ಲಿ 2016ರಲ್ಲಿ ತಾವೊಬಾವೊ ಲೈವ್ ಎಂಬ ನೇರಪ್ರಸಾರದ ಮಾರಾಟ ಶುರುವಾದ ಮೇಲೆ ನೋಡುವುದು, ಚೌಕಾಸಿ, ಪಾವತಿ ಒಂದೇ ಪರದೆಯ ಮೇಲೆ ನಡೆಯುತ್ತವೆ. ನಮ್ಮಲ್ಲಿ ಇವೆಲ್ಲ ಬಿಡಿಬಿಡಿ. ವಿಡಿಯೊ ಇನ್‌ಸ್ಟಾಗ್ರಾಂನಲ್ಲಿ, ಮಾತುಕತೆ ವಾಟ್ಸ್‌ಆ್ಯಪ್‌ನಲ್ಲಿ, ಹಣ ಯುಪಿಐನಲ್ಲಿ, ಮೂಟೆ ಕೊರಿಯರ್‌ನಲ್ಲೋ 2021ರಲ್ಲಿ ಕೆಎಸ್‌ಆರ್‌ಟಿಸಿ ಆರಂಭಿಸಿದ ನಮ್ಮ ಕಾರ್ಗೊದಲ್ಲೋ. 2024ರ ಅಕ್ಟೋಬರಿನಲ್ಲಿ ಯೂಟ್ಯೂಬ್ ಫ್ಲಿಪ್‌ಕಾರ್ಟ್, ಮಿಂತ್ರಾಗಳ ಜೊತೆ ಸೇರಿ ವಿಡಿಯೊದೊಳಗೇ ಸರಕು ತೋರಿಸಿ ಕಮಿಷನ್ ಪಡೆಯುವ ವ್ಯವಸ್ಥೆ ತಂದರೂ ಊರಿನ ಸಣ್ಣ ವ್ಯಾಪಾರಿಗೆ ವಾಟ್ಸ್‌ಆ್ಯಪ್ಪೇ ಗಲ್ಲಾ. ಕ್ಯಾಶ್ ಆನ್ ಡೆಲಿವರಿಯಲ್ಲಿ ಹೋದ ಸೀರೆ ಬೇಡವೆಂದು ವಾಪಸ್ ಬಂದರೆ ಎರಡೂ ಕಡೆಯ ಬಾಡಿಗೆ ಅವನ ತಲೆಗೇ. ಅದಕ್ಕೇ ಹಲವರು “ಮೊದಲು ಫೋನ್‌ಪೇ, ಆಮೇಲೆ ಪ್ಯಾಕಿಂಗ್” ಎನ್ನುತ್ತಾರೆ. ಕೊಂಡವರಿಗೂ “ಬಾಕ್ಸ್ ಬಿಚ್ಚುವಾಗ ವಿಡಿಯೊ ಮಾಡಿ” ಎಂಬ ಷರತ್ತು ಇರುತ್ತದೆ.

ಕಾನೂನು ಹಿಂದಿನಿಂದ ಬಂದರೂ ಬಂದಿದೆ. 2020ರ ಇ-ಕಾಮರ್ಸ್ ನಿಯಮಗಳು ಪೂರ್ತಿ ಬೆಲೆ ತೋರಿಸಬೇಕೆನ್ನುತ್ತವೆ, ‘ರೇಟಿಗೆ ಡಿಎಂ ಮಾಡಿ’ ಎಂಬ ಚಾಳಿ ಇನ್ನೂ ಹೋಗಿಲ್ಲ. ಹಣ ಪಡೆದು ಹೊಗಳುವವರು ಅದನ್ನು ಹೇಳಿಕೊಳ್ಳಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿದವು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡವಿದೆ. ಮನೆಯಲ್ಲಿ ಚಿಪ್ಸ್, ಉಪ್ಪಿನಕಾಯಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತೆಯ ನೋಂದಣಿ ಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳ ಕ್ಯೂಆರ್ ಕೋಡ್ ಹಾಳೆಗಳು ಇಳಿದವು. ರೀಲ್ಸ್‌ಗೆ ವ್ಯೂಸ್ ಬಂದಷ್ಟೂ ಲೆಕ್ಕ ಪುಸ್ತಕ ನೇರವಿರಬೇಕೆಂಬುದು ಆಗ ಅರಿವಾಯಿತು.

ಆದರೆ ಯಾವ ನಿಯಮಕ್ಕೂ ಸುಲಭವಾಗಿ ಸಿಗದ ಒಂದು ತೊಡಕು ಚೇಳೂರಿನ ಹಲಸಿನಲ್ಲೇ ಇದೆ. ಕೆಂಪು ತೊಳೆಯ ವಿಡಿಯೊವನ್ನು ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ನರ್ಸರಿಯ ನಂಬರ್ ಸೇರಿಸಿ ಹಾಕಬಹುದು. ಕಸಿ ಸಸಿಗಳು ಕವರಿನಲ್ಲಿ ನಿಂತಾಗ ಎಲ್ಲವೂ ಹಸಿರೇ. ಅಸಲಿಯೋ ಅಲ್ಲವೋ ಎಂದು ಗಿಡ ಬಾಯಿ ಬಿಡಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಟ್ರೆಂಡಿನ ಆಯುಸ್ಸು ಮೂರು ವಾರ. ಅದಕ್ಕೇ ತೋಟಗಾರ ಗೆಳೆಯರಿಗೆ ನಾನು ಹೇಳುವುದಿಷ್ಟು: ವಿಡಿಯೊ ನೋಡಿ ಮರುಳಾಗಿ, ತಪ್ಪಿಲ್ಲ. ಹಣ ಕಳಿಸುವ ಮುಂಚೆ ಆ ನಂಬರಿಗೆ ಒಮ್ಮೆ ಫೋನ್ ಮಾಡಿ, ತಾಯಿ ಮರ ಯಾವ ಊರಿನಲ್ಲಿದೆ ಎಂದು ಕೇಳಿ. ಬನ್ನಿ, ತೋರಿಸ್ತೀನಿ ಎನ್ನುವವರ ಹತ್ತಿರ ಕೊಳ್ಳಿ. ನಾಲ್ಕು ವರ್ಷದ ಮೇಲೆ ಮೊದಲ ಹಣ್ಣು ಸೀಳಿ ತೊಳೆ ಬಿಳಿಯಾಗಿ ಕಂಡ ದಿನ ಫೋನ್ ಎತ್ತುವುದೂ ಅವರೇ.